ಬೀಗರೂಟದಲ್ಲಿ ಎಂಟು ನಿಮಿಷ

ಕರೆಯದ ಮನೆಯ ಊಟಕ್ಕೆ ನಮ್ಮ ವಂಶದಲ್ಲಿ ಯಾರೂ ಹೋದವರಲ್ಲ. ನಾನೇ ಮೊದಲನೆಯವಳು. ಹೇಳಿಬಿಡುತ್ತೇನೆ, ಅದರ ಬಗ್ಗೆ ನನಗೆ ಹೆಮ್ಮೆಯೇ ಇದೆ. ಹೋದದ್ದು ಊಟಕ್ಕಲ್ಲ, ಒಂದು ಹಾಡಿಗೆ ಎಂದು ಎಷ್ಟು ಸಲ ಹೇಳಿದರೂ ಹೆಬ್ಬೂರಿನ ನನ್ನ ತವರಿನವರು ನಂಬಿಲ್ಲ. ಎದುರಿಗೆ ಬಾಡೂಟ ಇಟ್ಟುಕೊಂಡು ಹಾಡು ಕೇಳುತ್ತ ಕೂರುವವರು ಇರುತ್ತಾರೆಯೇ ಎಂಬುದು ಅವರ ವಾದ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ನಾನು ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆ ತುಮಕೂರಿನಲ್ಲಿ. ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ವಾಪಸ್ಸು. ವಯಸ್ಸು ಐವತ್ತಕ್ಕೆ ಹತ್ತಿರ, ಸಿಟ್ಟು ಮೂಗಿನ ತುದಿಯಲ್ಲಿ, ಕ್ಲಾಸಿನಲ್ಲಿ ಪಿಸುಮಾತು ಕೇಳಿಸಿದರೂ ಸೀಮೆಸುಣ್ಣ ಹಾರುತ್ತದೆ. ಇಂಥವಳಿಗೆ ರಾಕ್ ಬ್ಯಾಂಡಿನ ಹುಚ್ಚು ಹಿಡಿದದ್ದರಲ್ಲಿ ನನ್ನ ತಪ್ಪೇನೂ ಇಲ್ಲ. ಒಂದು ಸಂಜೆ ರೈಲಿನಲ್ಲಿ ಭಾವಗೀತೆ ಕೇಳುತ್ತ ಟೆಸ್ಟ್ ಪೇಪರ್ ತಿದ್ದುತ್ತಿದ್ದೆ. ಭಾವಗೀತೆ ಮುಗಿದ ಮೇಲೆ ಫೋನು ತನ್ನ ಪಾಡಿಗೆ ತಾನು ಇನ್ನೊಂದು ಹಾಡು ಹಾಕಿತು. ಗಿಟಾರು ಗುರುಗುಟ್ಟುತ್ತಿತ್ತು. ಇದೇನಪ್ಪಾ ಎಂದು ಆಫ್ ಮಾಡಲು ಹೋದೆ. ಅಷ್ಟರಲ್ಲಿ ಒಬ್ಬ ನಮ್ಮದೇ ಆಡುಮಾತಿನಲ್ಲಿ, ಗಂಟಲು ಬಿರಿಯುವ ಹಾಗೆ ಹಾಡಲು ಶುರು ಮಾಡಿದ.

ರೈಲ್ವೆ ಗೇಟಿನ ಹಾಡು ಅದು. ಗೇಟು ಹಾಕಿದ್ದಾರೆ. ಹಾಲಿನ ವ್ಯಾನು ನಿಂತಿದೆ, ಹೆರಿಗೆ ನೋವಿನ ಹೆಂಗಸು ಕೂತ ಆಟೋ ನಿಂತಿದೆ, ಮದುವೆ ಗಂಡಿನ ಕಾರು ನಿಂತಿದೆ, ಅದರ ಹಿಂದೆ ಹೆಣ ಹೊತ್ತವರೂ ನಿಂತಿದ್ದಾರೆ. ರೈಲು ಮಾತ್ರ ಬರುತ್ತಿಲ್ಲ. ಐದನೇ ನಿಮಿಷಕ್ಕೆ ಎಲ್ಲ ವಾದ್ಯಗಳೂ ಒಮ್ಮೆಲೇ ನಿಂತುಬಿಡುತ್ತವೆ. ಎಂಟು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ದೂರದಿಂದ ಡ್ರಮ್ಮು ಬರುತ್ತದೆ, ಹತ್ತಿರವಾಗುತ್ತದೆ, ಎದೆಯ ಮೇಲೇ ಹಾದು ಹೋಗುತ್ತದೆ. ಒಟ್ಟು ಎಂಟು ನಿಮಿಷದ ಹಾಡು. ಆ ದಿನ ನಾನು ಒಬ್ಬ ಹುಡುಗಿಯ ಪೇಪರಿಗೇ ಎರಡು ಸಲ ಮಾರ್ಕ್ಸ್ ಹಾಕಿದ್ದೆ.

ಅವತ್ತಿನಿಂದ ಆರು ವರ್ಷ ಆ ಬ್ಯಾಂಡಿನ, ಬೆಂಗಳೂರಿನ ಆ ಐದು ಜನರ, ಒಂದು ಹಾಡನ್ನೂ ಬಿಟ್ಟವಳಲ್ಲ. ಆದರೆ ಎದುರಿಗೆ ಕೂತು ಆ ಎಂಟು ನಿಮಿಷ ಕೇಳಬೇಕೆಂಬ ಆಸೆ ಮಾತ್ರ ಕೈಗೂಡಲಿಲ್ಲ. ಬೆಂಗಳೂರಿನ ಕಾರ್ಯಕ್ರಮಗಳು ಶುರುವಾಗುವ ಹೊತ್ತಿಗೆ ನನ್ನ ವಾಪಸ್ ರೈಲು ಹೋಗಿರುತ್ತಿತ್ತು. ಒಂದು ಸಲ ತುಮಕೂರಿನ ಕಾಲೇಜಿಗೇ ಬಂದರು. ಗೇಟಿನಲ್ಲಿ ವಿದ್ಯಾರ್ಥಿಗಳ ಐಡಿ ಕಾರ್ಡ್ ಇದ್ದವರಿಗೆ ಮಾತ್ರ ಪ್ರವೇಶ ಎಂದು ನನ್ನನ್ನು ತಡೆದರು. ತಡೆದ ಹುಡುಗನಿಗೆ ಒಂಬತ್ತನೇ ಕ್ಲಾಸಿನಲ್ಲಿ ಪಾಠ ಹೇಳಿದವಳು ನಾನು. ಅವನು ತಲೆ ತಗ್ಗಿಸಿಕೊಂಡು, "ರೂಲ್ಸು ಮಿಸ್" ಎಂದ. ರೂಲ್ಸು ರೂಲ್ಸೇ ಎಂದು ಕಲಿಸಿದವಳೂ ನಾನೇ ಆದ್ದರಿಂದ ಸುಮ್ಮನೆ ಮನೆಗೆ ಬಂದೆ. ನನ್ನ ಗಂಡ ಬಾಗಿಲು ತೆಗೆದವರು, "ಬಿಟ್ಕೊಳ್ಳಿಲ್ವಾ? ಒಳ್ಳೇದಾಯ್ತು ಬಿಡು, ಕಿವಿ ಉಳೀತು" ಎಂದು ನಕ್ಕರು. ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದೆ.

ಹೀಗಿರುವಾಗ ಹೋದ ವರ್ಷ ನಮ್ಮ ಸ್ಟಾಫ್ ರೂಮಿನ ಹಿಂದಿ ಟೀಚರ್ ತಮ್ಮ ಫೋನಿಗೆ ಬಂದ ಕರೆಯೋಲೆ ತೋರಿಸಿದರು. ಕುಣಿಗಲ್ಲಿನಲ್ಲಿ ಭಾನುವಾರ ಮಧ್ಯಾಹ್ನ ಬೀಗರ ಔತಣಕೂಟ. ಗಂಡಿನವರು ಅವರಿಗೆ ದೂರದ ನೆಂಟರು. ಕೆಳಗೆ ಸಂಗೀತ ಎಂದು ಬರೆದ ಜಾಗದಲ್ಲಿ ನನ್ನ ಬ್ಯಾಂಡಿನ ಹೆಸರು. ನಾನು ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ.

"ನನ್ ಜೊತೆ ಬಂದ್ಬಿಡಿ ಮೇಡಂ," ಎಂದರು ಅವರು. "ಸಾವಿರಾರು ಜನ ಬರ್ತಾರೆ. ಯಾರು ಏನು ಅಂತ ಯಾರೂ ಕೇಳಲ್ಲ."

ಭಾನುವಾರ ರೇಷ್ಮೆ ಸೀರೆ ಉಟ್ಟು, ಕೈ ಬೀಸಿಕೊಂಡು ಹೋಗಬಾರದೆಂದು ಒಂದು ಹಾಲಿನ ಕುಕ್ಕರಿಗೆ ಬಣ್ಣದ ಕಾಗದ ಸುತ್ತಿಸಿಕೊಂಡು ತುಮಕೂರು ಬಸ್ ಸ್ಟ್ಯಾಂಡಿಗೆ ಬಂದರೆ ಹಿಂದಿ ಟೀಚರ ಫೋನು. ಅವರ ಅತ್ತೆಗೆ ಜ್ವರ, ಬರುವುದಿಲ್ಲ. ಎದುರಿಗೆ ಕುಣಿಗಲ್ ಬಸ್ಸು ಹೊರಟು ನಿಂತಿತ್ತು. ಕರೆದವರೂ ಇಲ್ಲದೆ, ಕರೆತಂದವರೂ ಇಲ್ಲದೆ ಅಪರಿಚಿತರ ಬೀಗರೂಟಕ್ಕೆ ಹೋಗುವುದು ಎಂದರೆ ಮೈಯೆಲ್ಲ ನಾಚಿಕೆ. ಆದರೂ ಹತ್ತಿದೆ. ಹೆಬ್ಬೂರು ಬಂದಾಗ ನಮ್ಮವರು ಯಾರಾದರೂ ಕಂಡಾರೆಂದು ತಲೆ ಬಗ್ಗಿಸಿ ಚಪ್ಪಲಿ ಸರಿಮಾಡಿಕೊಳ್ಳುವ ನಾಟಕ ಆಡಿದೆ.

ಕನ್ವೆನ್ಷನ್ ಹಾಲ್ ಎಂದು ಬೋರ್ಡು ಇದ್ದದ್ದು ನಿಜ. ಒಳಗೆ ಹೋದರೆ ತಗಡಿನ ಛಾವಣಿ, ಮಧ್ಯಾಹ್ನದ ಬಿಸಿಲಿಗೆ ಕಾದ ಬಾಣಲೆ. ಮುಂದಿನ ಸ್ಟೇಜು ಗಂಡು ಹೆಣ್ಣಿನದು. ಅವರ ಜೊತೆ ಫೋಟೊ ತೆಗೆಸಿಕೊಳ್ಳುವವರ ಸಾಲು ಬಾಗಿಲವರೆಗೂ ಇತ್ತು. ನನ್ನ ಬ್ಯಾಂಡು ಎಲ್ಲಿದೆ ಎಂದು ಹುಡುಕಿದೆ. ಎಡಗಡೆ ಮೂಲೆಯಲ್ಲಿ, ಐಸ್‌ಕ್ರೀಮ್ ಕೊಡುವವರ ಪಕ್ಕ, ಒಂದು ಹಳೇ ಜಮಖಾನದ ಮೇಲೆ ಐದೂ ಜನ ನಿಂತಿದ್ದರು. ಹಿಂದೆ ಯಾವುದೋ ಮದುವೆಯಲ್ಲಿ ಉಳಿದ ಥರ್ಮೊಕೋಲಿನ ನವಿಲು. ಮೈಕ್ ಸೆಟ್ಟಿನವನು ನಮ್ಮ ಕಡೆಯ ಪದ್ಧತಿಯಂತೆ ಎಕೋ ಪೂರ್ತಿ ತಿರುಗಿಸಿಟ್ಟಿದ್ದ. ಒಂದು ಮಾತು ಆಡಿದರೆ ಮೂರು ಸಲ ಕೇಳುತ್ತಿತ್ತು. ಅದಕ್ಕಿಂತ ಹೊಟ್ಟೆಗೆ ಬೆಂಕಿ ಬಿದ್ದದ್ದು ಅವರು ಹಾಡುತ್ತಿದ್ದುದನ್ನು ಕೇಳಿ. ಬರೀ ಸಿನಿಮಾ ಹಾಡು, ಅದೂ ಮೆಲ್ಲಗೆ. ಗಾಯಕನ ಮುಖ ಹೋಂವರ್ಕ್ ಕಾಪಿ ಹೊಡೆದ ಹುಡುಗನ ಮುಖದ ಹಾಗಿತ್ತು.

ಮುಂದಿನ ಸಾಲಿನಲ್ಲಿ ನಡುಮಧ್ಯದ ಕುರ್ಚಿ ನೋಡಿ ಕೂತೆ. ಸ್ಟೇಜಿಗೆ ಹೋಗಿ ಉಡುಗೊರೆ ಕೊಡಲು ಧೈರ್ಯ ಬರಲಿಲ್ಲ. ಯಾರು ಎಂದು ಕೇಳಿದರೆ ಏನು ಹೇಳುವುದು? ಕುಕ್ಕರನ್ನು ತೊಡೆಯ ಮೇಲೇ ಇಟ್ಟುಕೊಂಡೆ. ಇವರದೇ ಒಂದು ಹಾಡು ಬರುವವರೆಗೆ ಏಳುವುದಿಲ್ಲ ಎಂದು ಮನಸ್ಸಿನಲ್ಲೇ ಹಟ ಹಿಡಿದೆ.

ಅಷ್ಟರಲ್ಲಿ ಮೊದಲ ಪಂಕ್ತಿಗೆ ಎಲೆ ಹಾಕಿದ ಸುದ್ದಿ ಬಂತು. ನಮ್ಮ ಕಡೆ ಬೀಗರೂಟದಲ್ಲಿ ಆ ಸುದ್ದಿ ಬಂದರೆ ಏನಾಗುತ್ತದೆ ಎಂದು ಉಂಡವರಿಗೆ ಗೊತ್ತು. ಎರಡೇ ನಿಮಿಷಕ್ಕೆ ಇಡೀ ಹಾಲ್ ಖಾಲಿ. ಊಟದ ಮನೆಯಲ್ಲಿ ಜಾಗ ಸಿಕ್ಕದವರು ಉಣ್ಣುವವರ ಬೆನ್ನ ಹಿಂದೆ ಕುರ್ಚಿ ಹಿಡಿದು ನಿಲ್ಲಲು ಓಡಿದರು. ಇನ್ನೂರು ಪ್ಲಾಸ್ಟಿಕ್ ಕುರ್ಚಿಗಳ ನಡುವೆ ನಾನೊಬ್ಬಳೇ. ಆ ಐದು ಜನ ನನ್ನೊಬ್ಬಳಿಗೇ ಹಾಡುತ್ತಿದ್ದರು, ಅದೂ ನನಗೆ ಬೇಡದ ಹಾಡು. ಪಕ್ಕದಿಂದ ಮಟನ್ ಸಾರಿನ ವಾಸನೆ. ನನಗೆ ಅಳುವೇ ಬಂತು.

ಒಬ್ಬ ಹೆಂಗಸು ಬಂದು ಊಟಕ್ಕೆ ಏಳಿ ಎಂದರು. ಆಮೇಲೆ ಎಂದೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಬಂದರು. ಅವರಿಗೂ ಆಮೇಲೆ ಎಂದೆ. ಮೂರನೆಯ ಸಲ ಬಂದವರು ಗಂಡಿನ ದೊಡ್ಡಪ್ಪ. ಬಿಳಿ ಪಂಚೆ, ಹೆಗಲ ಮೇಲೆ ಜರಿ ಟವಲು, ಆ ದಿನದ ಯಜಮಾನಿಕೆ ಅವರದೇ ಎಂದು ನಡಿಗೆಯಲ್ಲೇ ಗೊತ್ತಾಗುತ್ತಿತ್ತು.

"ಯಾಕವ್ವಾ, ಊಟಕ್ಕೆ ಏಳ್ಲಿಲ್ವಲ್ಲ? ಬಿಸಿ ಆರೋಯ್ತದೆ."

"ಆಮೇಲೆ ಮಾಡ್ತೀನಿ. ಹಾಡು ಕೇಳ್ತಾ ಇದೀನಿ."

ಅವರು ನನ್ನ ಮುಖ ನೋಡಿದರು. ಆಮೇಲೆ ತೊಡೆಯ ಮೇಲಿನ ಉಡುಗೊರೆ ನೋಡಿದರು. ಅವರ ಹಣೆ ಗಂಟಿಕ್ಕಿತು. ನನಗೆ ಆಗ ಹೊಳೆಯಲಿಲ್ಲ, ಬೆಪ್ಪು ನಾನು. ತಂದ ಉಡುಗೊರೆ ಕೊಡದೆ, ಕರೆದರೆ ಊಟಕ್ಕೆ ಏಳದೆ, ಸಿಟ್ಟಿನ ಮುಖ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತ ರೇಷ್ಮೆ ಸೀರೆಯ ಹೆಂಗಸು ಬೀಗರೂಟದಲ್ಲಿ ಯಾರಾಗಿರಲು ಸಾಧ್ಯ? ಮುನಿಸಿಕೊಂಡ ಬೀಗಿತ್ತಿ. ಮರ್ಯಾದೆಯಲ್ಲಿ ಏನೋ ಹೆಚ್ಚುಕಮ್ಮಿಯಾಗಿದೆ. ಹಾಡು ಕೇಳುತ್ತಿದ್ದೇನೆ ಎಂಬ ನನ್ನ ಉತ್ತರವನ್ನು ಅವರು ಚುಚ್ಚುಮಾತು ಎಂದೇ ತಿಳಿದರು.

ಹೆಣ್ಣಿನ ಕಡೆಯವರು ಮುನಿಸಿಕೊಂಡು ಒಬ್ಬರೇ ಕೂತಿರುವಾಗ ಗಂಡಿನ ಹಿರಿಯರು ಬಿಟ್ಟು ಹೋಗುವಂತಿಲ್ಲ. ದೊಡ್ಡಪ್ಪ ನನ್ನ ಬಲಗಡೆ ಕೂತರು. ಅವರನ್ನು ನೋಡಿ ಅವರ ತಮ್ಮಂದಿರಿಬ್ಬರು ಬಂದು ಕೂತರು. ಇದನ್ನು ದೂರದಿಂದ ಕಂಡ ಹೆಣ್ಣಿನ ಸೋದರತ್ತೆ ಓಡಿ ಬಂದರು. ಅವರ ಲೆಕ್ಕದಲ್ಲಿ ನಾನು ಗಂಡಿನ ಕಡೆಯವಳು, ಹೆಣ್ಣಿನವರು ನನಗೇನೋ ಕಡಿಮೆ ಮಾಡಿದ್ದಾರೆ. ಕುಂಕುಮ ಇಟ್ಟು, ಒಂದು ಮೊಳ ಮಲ್ಲಿಗೆ ಮುಡಿಸಿ, ನನ್ನ ಎಡಗೈ ಹಿಡಿದುಕೊಂಡೇ ಪಕ್ಕದಲ್ಲಿ ಕೂತರು. ಬೀಗರ ಹಿರಿಯರು ಕೂತಿರುವಾಗ ತಾವು ಉಣ್ಣುವುದು ಹೇಗೆಂದು ಹೆಣ್ಣಿನ ಕಡೆಯ ಹತ್ತು ಜನ ಎದ್ದು ಬಂದರು. ಅವರು ಬಂದದ್ದಕ್ಕೆ ಗಂಡಿನ ಕಡೆಯ ಇಪ್ಪತ್ತು ಜನ. ಯಾರಿಗೆ ಏನಾಗಿದೆ ಎಂದು ಯಾರಿಗೂ ಗೊತ್ತಿಲ್ಲ. ಎಲ್ಲರೂ ಕೈಕಟ್ಟಿ ಬ್ಯಾಂಡಿನ ಕಡೆ ಮುಖ ಮಾಡಿ ಕೂತರು. ಎರಡನೇ ಪಂಕ್ತಿಗೆ ಎಲೆ ಹಾಕಿ ಅರ್ಧ ಎಲೆ ಖಾಲಿ ಉಳಿದವು. ಅಡುಗೆಯವನು ಸೌಟು ಹಿಡಿದೇ ಬಾಗಿಲಿಗೆ ಬಂದು ಇಣುಕಿದ.

ಗಾಯಕ ತಲೆಯೆತ್ತಿ ನೋಡಿದ. ಮುಂದಿನ ಮೂರು ಸಾಲು ತುಂಬಿತ್ತು. ಆ ಹುಡುಗನ ಬೆನ್ನು ಸ್ವಲ್ಪ ನೆಟ್ಟಗಾದದ್ದನ್ನು ನಾನು ಕಂಡೆ.

ಹಾಡು ಮುಗಿಯಿತು. ದೊಡ್ಡಪ್ಪ ನನ್ನ ಕಡೆ ಬಾಗಿ, ದನಿ ತಗ್ಗಿಸಿ ಹೇಳಿದರು:

"ನೋಡ್ರವ್ವಾ, ನಮ್ ಕಡೆಯಿಂದ ಏನಾದ್ರೂ ತಪ್ಪಾಗಿದ್ರೆ ಹೇಳ್ಬುಡಿ. ಒಳಗೆ ಇಟ್ಕಬ್ಯಾಡಿ. ಏನ್ ಆಗ್ಬೇಕು ಅಂತ ಬಾಯ್ಬುಟ್ಟು ಹೇಳಿ, ಮಾಡಿಸ್ತೀನಿ."

ಆಗ ನನಗೆ ಎಲ್ಲ ಅರ್ಥವಾಯಿತು. ಇಲ್ಲಪ್ಪಾ, ನಾನು ಯಾರೂ ಅಲ್ಲ, ತಪ್ಪು ತಿಳಿದಿದ್ದೀರಿ ಎಂದು ಎದ್ದು ಹೊರಟುಬಿಡುವುದೇ ಮರ್ಯಾದೆಯ ಕೆಲಸ. ಕ್ಲಾಸಿನಲ್ಲಿ ಮಕ್ಕಳಿಗೆ ನಾನು ಅದನ್ನೇ ಹೇಳುತ್ತಿದ್ದೆ. ಆದರೆ ಆರು ವರ್ಷ ಕಾದಿದ್ದೆ, ಆ ಐದು ಜನ ಐಸ್‌ಕ್ರೀಮ್ ಡಬ್ಬಗಳ ಪಕ್ಕ ನಿಂತಿದ್ದರು, ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ಇವ್ರು ಇವ್ರದೇ ಹಾಡು ಹಾಡ್ಲಿ," ಎಂದೆ. "ರೈಲ್ವೆ ಗೇಟಿಂದು. ಪೂರ್ತಿ ಹಾಡ್ಲಿ. ಜೋರಾಗಿ. ಆಮೇಲೆ ಊಟಕ್ಕೆ ಏಳ್ತೀನಿ."

"ಅಷ್ಟೇನಾ?" ಎಂದರು ಅವರು. ಅವರ ಮುಖದಲ್ಲಿ ಎಂಥ ನೆಮ್ಮದಿ ಬಂತೆಂದರೆ ನನಗೆ ಪಾಪವೆನ್ನಿಸಿತು.

ಎದ್ದು ಹೋಗಿ ಗಾಯಕನಿಗೆ ಏನೋ ಹೇಳಿದರು. ಅವನು ನಂಬದೆ, "ಸರ್, ಸಿನಿಮಾ ಹಾಡು ಬಿಟ್ಟು ಬೇರೆ ಬೇಡ ಅಂದಿದ್ರಲ್ಲ ನೀವು?" ಎಂದು ಕೇಳಿದ್ದು ಮೈಕಿನಲ್ಲೇ ಬಂತು, ಎಕೋದ ಪುಣ್ಯದಿಂದ ಮೂರು ಸಲ ಬಂತು. "ಅದು ಆಗ. ಈಗ ಆವಮ್ಮ ಕೇಳವ್ರೆ, ಹಾಡಪ್ಪ," ಎಂದರು ದೊಡ್ಡಪ್ಪ. ಗಾಯಕ ನನ್ನ ಕಡೆ ನೋಡಿದ. ನಾನು ನೋಡಿದ್ದು ಮೈಕ್ ಸೆಟ್ಟಿನವನನ್ನು. "ಎಕೋ ತೆಗಿಯಪ್ಪಾ," ಎಂದು ಕ್ಲಾಸಿನ ಹಿಂದಿನ ಬೆಂಚಿಗೆ ಹೇಳುವ ದನಿಯಲ್ಲಿ ಹೇಳಿದೆ. ಅವನು ಮರುಮಾತಿಲ್ಲದೆ ತೆಗೆದ.

ಗಿಟಾರು ಶುರುವಾಯಿತು. ಇಯರ್‌ಫೋನಿನಲ್ಲಿ ಸಾವಿರ ಸಲ ಕೇಳಿದ್ದ ಸದ್ದು ಕುರ್ಚಿಯ ಕಾಲಿನಿಂದ ಹತ್ತಿ ಬೆನ್ನಿಗೆ ಬಂತು. ತಗಡಿನ ಛಾವಣಿ ನಡುಗಿತು. ಹೆಣ್ಣಿನ ಸೋದರತ್ತೆ ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದರು. ಯಾರಾದರೂ ಎದ್ದು ಹೋಗುತ್ತಾರೆ, ಯಾರಾದರೂ ನಗುತ್ತಾರೆ ಎಂದು ನನಗೆ ಭಯವಿತ್ತು. ನಕ್ಕರೆ ಬೈದುಬಿಡಬೇಕೆಂದು ಮಾತು ಜೋಡಿಸಿಕೊಂಡೂ ಇದ್ದೆ. ಯಾರೂ ನಗಲಿಲ್ಲ. ಹಾಲಿನ ವ್ಯಾನು ಬಂತು, ಹೆರಿಗೆಯ ಆಟೋ ಬಂತು. ಮದುವೆ ಗಂಡಿನ ಕಾರು ಗೇಟಿನಲ್ಲಿ ಸಿಕ್ಕಿಕೊಂಡಾಗ ಹಿಂದಿನ ಸಾಲಿನಿಂದ ಒಬ್ಬ ಮುದುಕರು, "ನಿಜ ಕಣ್ಲಾ, ನನ್ ಮದ್ವೇಲೂ ಹಿಂಗೇ ಆಗಿತ್ತು. ಮೂರ್ತ ತಪ್ಪೋದಂಗಿತ್ತು," ಎಂದರು. ಅವರಿಗೆ ಹಾಡು ಕೇಳಿಸುತ್ತಿತ್ತು. ಮಾತು ಮಾತೂ ಕೇಳಿಸುತ್ತಿತ್ತು. ನನಗೆ ಆದ ಹೆಮ್ಮೆಯನ್ನು ಹೇಗೆ ಹೇಳಲಿ? ನನ್ನ ಶಾಲೆಯ ಹುಡುಗಿ ನೂರಕ್ಕೆ ನೂರು ತೆಗೆದ ದಿನವೂ ಇಷ್ಟು ಆಗಿರಲಿಲ್ಲ.

ಐದನೇ ನಿಮಿಷ. ಎಲ್ಲ ನಿಂತಿತು.

ದೊಡ್ಡಪ್ಪ ಹಾಡು ಮುಗಿಯಿತೆಂದುಕೊಂಡು ಟವಲು ಕೊಡವಿ ಎದ್ದರು. ಅವರು ಎದ್ದರೆ ನಲವತ್ತು ಜನ ಏಳುತ್ತಾರೆ. ನಾನು ಹಿಂದೆಮುಂದೆ ನೋಡದೆ ಅವರ ಟವಲಿನ ತುದಿ ಹಿಡಿದು ಎಳೆದೆ. "ಕೂತ್ಕೊಳ್ಳಿ, ಮುಗ್ದಿಲ್ಲ," ಎಂದೆ. ಅವರನ್ನು ಆ ರೀತಿ ಕೂರಿಸಿದವರು ಊರಿನಲ್ಲಿ ಯಾರೂ ಇರಲಿಕ್ಕಿಲ್ಲ. ಕೂತರು. ಫೋಟೊದವನು ಕೂಡ ಕ್ಯಾಮೆರಾ ಇಳಿಸಿದ್ದ. ಸ್ಟೇಜಿನ ಮೇಲೆ ನಿಂತಿದ್ದ ಮದುವೆ ಗಂಡು ಬೆರಳಿನಲ್ಲಿ ಎಣಿಸುತ್ತಿದ್ದ, ಆರು, ಏಳು. ಅವನಿಗೂ ಗೊತ್ತಿತ್ತು.

ಎಂಟಕ್ಕೆ ಡ್ರಮ್ಮು ಬಂತು. ಸಣಕಲು ಹುಡುಗ ಡ್ರಮ್ಮಿನವನು, ಅಂಗಿಯೆಲ್ಲ ಬೆವರು. ಕೂತಿದ್ದವರೆಲ್ಲರ ಮೇಲೆ ರೈಲು ಹರಿಸಿದ. ಊಟದ ಮನೆಯಿಂದ ಜನ ಎಂಜಲು ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ತಿಳಿಯದು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ರೈಲು ಹೋಯಿತು. ಗೇಟು ತೆಗೆದರು. ಹಾಡು ಮುಗಿಯಿತು. ಚಪ್ಪಾಳೆ ಮೊದಲು ಹೊಡೆದವನು ಬಾಗಿಲಲ್ಲಿದ್ದ ಅಡುಗೆಯವನು, ಸೌಟನ್ನು ಕಂಕುಳಲ್ಲಿ ಇರುಕಿಕೊಂಡು. ಆಮೇಲೆ ಎಲ್ಲರೂ ಹೊಡೆದರು.

ಉಡುಗೊರೆ ಕೊಡಲು ಸ್ಟೇಜಿಗೆ ಹೋದೆ. ಮದುವೆ ಗಂಡು ನನ್ನ ಕಿವಿಯ ಹತ್ತಿರ, "ಆ ಹಾಡಿಗೇ ಅಂತ ಅವ್ರನ್ನ ಕರೆಸಿದ್ದು ಆಂಟಿ. ದೊಡ್ಡಪ್ಪ ಬ್ಯಾಡ ಅಂದ್ಬುಟ್ಟಿದ್ರು. ಥ್ಯಾಂಕ್ಸ್," ಎಂದ. ಇಳಿದು ಬಂದರೆ ಕೆಳಗೆ ದೊಡ್ಡಪ್ಪ ಮತ್ತು ಸೋದರತ್ತೆ ಇಬ್ಬರೂ ನನ್ನನ್ನು ಊಟಕ್ಕೆ ಕರೆದೊಯ್ಯಲು ಕಾದಿದ್ದರು.

"ಈಗ ಸಮಾಧಾನ ಆಯ್ತಾ?" ಎಂದರು ದೊಡ್ಡಪ್ಪ. ಸೋದರತ್ತೆಯ ಕಡೆ ತಿರುಗಿ, "ಇವ್ರು ನಿಮಗೆ ಏನಾಗ್ಬೇಕು?" ಎಂದು ಕೇಳಿದರು.

"ನಮಗಾ? ಇವ್ರು ನಿಮ್ ಕಡೆಯೋರಲ್ವಾ?"

ಇಬ್ಬರೂ ನನ್ನ ಕಡೆ ನೋಡಿದರು. ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ, ಮುಚ್ಚಿಡಲು ಮನಸ್ಸೂ ಇರಲಿಲ್ಲ. ಎರಡೂ ಕೈ ಜೋಡಿಸಿದೆ.

"ತಪ್ಪಾಯ್ತು. ನಾನು ಎರಡೂ ಕಡೆಯೋಳಲ್ಲ. ನನ್ನ ಯಾರೂ ಕರ್ದಿಲ್ಲ. ಗುಬ್ಬೀಲಿ ಟೀಚರು ನಾನು. ಇವ್ರ ಹಾಡು ಕೇಳಕ್ಕೆ ಅಂತ ತುಮಕೂರಿಂದ ಬಂದೆ. ನನಗೆ ಊಟ ಬೇಡ, ಹೊರಡ್ತೀನಿ."

ದೊಡ್ಡಪ್ಪ ಬೈಯುತ್ತಾರೆ ಎಂದುಕೊಂಡೆ. ಬೈದರೆ ಬೈಸಿಕೊಳ್ಳುವುದೇ ಸರಿ ಎಂದೂ ಅಂದುಕೊಂಡೆ. ಅವರು ಬೈಯಲಿಲ್ಲ. ತಂತಿ ಸುತ್ತಿಕೊಳ್ಳುತ್ತಿದ್ದ ಆ ಐದು ಜನರ ಕಡೆ ತಿರುಗಿ ನೋಡಿ, ಎಲೆ ಹಾಕಿಸುವ ಯಜಮಾನರು ಲೆಕ್ಕ ಹಾಕುವ ಹಾಗೆ ತಲೆಯಾಡಿಸಿದರು.

"ಯಾರೂ ಅಲ್ಲ ಅಂದ್ರೆ ಹೆಂಗಾಯ್ತದವ್ವಾ? ಇವ್ರಿಗೋಸ್ಕರ ಬಂದ್ರಿ, ಇವ್ರಿಗೋಸ್ಕರ ಊಟ ಬುಟ್ಟು ಕೂತ್ರಿ. ಇವ್ರ ಕಡೆಯೋರು ನೀವು. ಅಷ್ಟೇಯ."

ಬ್ಯಾಂಡಿನವರ ಊಟ ಆಯಿತೇ ಎಂದು ಬಡಿಸುವವನೊಬ್ಬನನ್ನು ಕೇಳಿದರು. ಅವರಿಗೆ ಕೊನೆಯಲ್ಲಿ, ಡ್ರೈವರುಗಳ ಜೊತೆ ಎಂದು ಉತ್ತರ ಬಂತು. ದೊಡ್ಡಪ್ಪ ಅವನನ್ನು ಕೆಂಗಣ್ಣಿನಿಂದ ನೋಡಿ, "ಅವ್ರ ಮನೆ ಹಿರಿಯರು ಇಲ್ಲೇ ನಿಂತವ್ರೆ, ಕೊನೇಲಿ ಅಂತೀಯಲ್ಲ. ಮುಂದಿನ ಸಾಲಲ್ಲಿ ಆರು ಎಲೆ ಹಾಕ್ಲಾ," ಎಂದರು.

ಹೀಗೆ ನಾನು ಆರು ಎಲೆಯ ಸಾಲಿನ ತಲೆಯಲ್ಲಿ ಕೂತೆ. ಮೂರನೆಯ ಎಲೆಯ ಮುಂದೆ ಕೂತಿದ್ದ ಗಾಯಕ, "ಮೇಡಂ, ಆ ಸೈಲೆನ್ಸಲ್ಲಿ ಅವ್ರನ್ನ ಎಳ್ದು ಕೂರಿಸಿದ್ರಲ್ಲ, ನಮ್ಗೆ ಬೀಟ್ ತಪ್ಪೋಗ್ತಿತ್ತು ನಗು ತಡ್ಕೊಳ್ಳಕ್ಕೆ," ಎಂದ. ಅವರಿಗೆ ಹೇಳಬೇಕೆಂದು ಆರು ವರ್ಷದಿಂದ ಏನೇನೋ ಕೂಡಿಟ್ಟಿದ್ದೆ. ಪಕ್ಕದಲ್ಲಿ ಡ್ರಮ್ಮಿನ ಹುಡುಗ ಮುದ್ದೆ ಅಗಿಯುತ್ತಿದ್ದ. "ಅಗೀಬೇಡ, ಸಾರಲ್ಲಿ ಅದ್ದಿ ನುಂಗು," ಎಂದು ತೋರಿಸಿಕೊಟ್ಟೆ. ಎರಡು ತುತ್ತಿಗೆ ಕಲಿತುಬಿಟ್ಟ. ಆಮೇಲೆ ಅವನ ಕೈ ನಿಲ್ಲಲೇ ಇಲ್ಲ.

ದೊಡ್ಡಪ್ಪ ಸಾಲುಗಳ ನಡುವೆ ನಡೆದು ಬಂದರು. ಬೀಗರ ಮುಂದೆ ನಿಲ್ಲುವ ಹಾಗೆ ಟವಲನ್ನು ಹೆಗಲಿಂದ ಇಳಿಸಿ ಕೈಯಲ್ಲಿ ಹಿಡಿದು, ನನ್ನ ಎಲೆಯ ಮುಂದೆ ನಿಂತರು.

"ನಿಮ್ ಕಡೆಯೋರ್ಗೆಲ್ಲಾ ಸರ್ಯಾಗಿ ಬಡಿಸಿದ್ರೇನವ್ವಾ? ಏನಾದ್ರೂ ಕಮ್ಮಿ ಆಯ್ತಾ?"

ನಾನು ಕತ್ತು ಹೊರಳಿಸಿ ಸಾಲಿನ ಕೊನೆಯವರೆಗೆ ಐದು ಎಲೆಗಳನ್ನೂ ಒಂದೊಂದಾಗಿ ನೋಡಿದೆ.

"ನಮ್ಮ ಡ್ರಮ್ಮಿನ ಹುಡುಗನಿಗೆ," ಎಂದೆ, "ಇನ್ನೊಂದು ಮುದ್ದೆ ಹಾಕ್ಸಿ."